ಗುಲ್ಮಾರ್ಗ್‌ನಲ್ಲಿ ಹಿಮ ಬಿದ್ದರೂ ಡಿಸೆಂಬರ್‌ನಲ್ಲಿ ಸ್ಕೀಯಿಂಗ್ ಯಾಕೆ ಖಾತ್ರಿಯಿಲ್ಲ?

ದೀಪಾವಳಿ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಮೊಬೈಲುಗಳಲ್ಲಿ ಒಂದಕ್ಕೊಂದು ಹೊಂದದ ಎರಡು ಸುದ್ದಿ ಓಡಾಡತೊಡಗುತ್ತವೆ. ಕಾಶ್ಮೀರದ ಗುಲ್ಮಾರ್ಗ್‌ನ ಅಫರ್ವತ್ ಶಿಖರಕ್ಕೆ ಋತುವಿನ ಮೊದಲ ಹಿಮ ಬಿತ್ತು ಎಂಬುದು ಒಂದು. ಆ ವಿಡಿಯೊದ ಕೆಳಗೆ ಕ್ರಿಸ್‌ಮಸ್ ರಜೆಯ ಸ್ಕೀಯಿಂಗ್ ಪ್ಯಾಕೇಜಿನ ದರವೂ ಇರುತ್ತದೆ. ಅದೇ ಊರಲ್ಲಿ ಹಿಮವಿಲ್ಲದೆ ರಾಷ್ಟ್ರಮಟ್ಟದ ಕ್ರೀಡಾಕೂಟ ಮುಂದಕ್ಕೆ ಹೋಗಿತ್ತು ಎಂಬುದು ಇನ್ನೊಂದು. 2025ರ ಫೆಬ್ರುವರಿ 22ರಿಂದ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಸಾಕಷ್ಟು ಹಿಮ ಇಲ್ಲದ್ದರಿಂದ ನಿಂತು, ಕೊನೆಗೆ ಮಾರ್ಚ್ 9ರಿಂದ 12ರವರೆಗೆ ನಡೆಯಿತು.

ಓದಿದವರಿಗೆ ಗೊಂದಲ ಸಹಜ. ಅಕ್ಟೋಬರ್, ನವೆಂಬರ್‌ನಲ್ಲೇ ಹಿಮ ಬೀಳುವ ಊರಿನಲ್ಲಿ ಫೆಬ್ರುವರಿಯಲ್ಲಿ ಹಿಮಕ್ಕೆ ಬರ ಹೇಗೆ? ಮುಂಗಡ ಕಟ್ಟಬೇಕೋ ಬಿಡಬೇಕೋ? ಗುಲ್ಮಾರ್ಗ್ ಬಿಟ್ಟರೆ ಉತ್ತರಾಖಂಡದ ಔಲಿಯೇ, ಹಿಮಾಚಲದ ಮನಾಲಿಯೇ, ಇಲ್ಲಾ ಅಷ್ಟೇ ದುಡ್ಡಿಗೆ ಈಗ ಎಲ್ಲರೂ ಹೇಳುತ್ತಿರುವ ಕಜಾಕಸ್ತಾನದ ಅಲ್ಮಾಟಿಯೇ?

ಎರಡೂ ಸುದ್ದಿ ನಿಜ. ಸ್ಕೀ ಋತುವಿನ ಆರಂಭ ಎಂದರೆ ಏನೆಂಬುದು ತಿಳಿದರೆ ಅವೆರಡರ ನಡುವೆ ವಿರೋಧ ಇಲ್ಲವೆಂಬುದೂ ತಿಳಿಯುತ್ತದೆ.

ಹಿಮ ಎಲ್ಲಿಂದ ಬರುತ್ತದೆ

ನಮ್ಮ ಕಡೆ ಮಳೆ ಎಂದರೆ ಮುಂಗಾರು, ಹಿಂಗಾರು. ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಚಳಿಗಾಲದ ಹಿಮಕ್ಕೂ ಇವೆರಡಕ್ಕೂ ಸಂಬಂಧ ಇಲ್ಲ. ಅದು ಬರುವುದು ಮೆಡಿಟರೇನಿಯನ್ ಕಡೆಯಿಂದ. ಅಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಮೇಲ್ಮಟ್ಟದ ಪಶ್ಚಿಮ ಮಾರುತದ ಜೊತೆ ಇರಾನ್, ಅಫ್ಗಾನಿಸ್ತಾನ ದಾಟಿ ಹಿಮಾಲಯಕ್ಕೆ ಬಂದು ಬಡಿಯುತ್ತವೆ. ಹವಾಮಾನ ಇಲಾಖೆ ಇವನ್ನು ಪಶ್ಚಿಮದ ಕ್ಷೋಭೆ ಎನ್ನುತ್ತದೆ. ಒಂದು ಕ್ಷೋಭೆ ಬಂದರೆ ಎರಡು ಮೂರು ದಿನ ಹಿಮ ಸುರಿಯುತ್ತದೆ, ಆಮೇಲೆ ಬಿಸಿಲು. ಮುಂದಿನದು ಯಾವಾಗ ಬಂದೀತು ಎಂಬುದನ್ನು ಒಂದು ವಾರದಾಚೆಗೆ ನಂಬಿಕೆಯಿಂದ ಹೇಳುವುದು ಕಷ್ಟ.

ಆಲ್ಪ್ಸ್ ಪರ್ವತಗಳಿಗೆ ಅಟ್ಲಾಂಟಿಕ್ ಸಾಗರ ಹತ್ತಿರ; ತೇವ ಹೊತ್ತ ಗಾಳಿ ಮೇಲಿಂದ ಮೇಲೆ ಬರುತ್ತದೆ. ಕಾಶ್ಮೀರಕ್ಕೆ ಬರುವ ತೇವ ಸಾವಿರಾರು ಕಿಲೋಮೀಟರ್ ಒಣನೆಲದ ಮೇಲೆ ಸಾಗಿ ಬರಬೇಕು. ಕ್ಷೋಭೆಯ ದಾರಿ ತುಸು ಉತ್ತರಕ್ಕೆ ಸರಿದರೆ ಕಣಿವೆಗೆ ಏನೂ ಸಿಗುವುದಿಲ್ಲ. ಅಂಥ ನಾಲ್ಕು ವಾರ ಒಟ್ಟಿಗೆ ಬಂದುಬಿಟ್ಟರೆ ಇಡೀ ಡಿಸೆಂಬರ್ ಒಣಗುತ್ತದೆ. 2023ರ ಡಿಸೆಂಬರ್ ಮತ್ತು 2024ರ ಜನವರಿಯಲ್ಲಿ ಆದದ್ದು ಇದೇ. ಡಿಸೆಂಬರ್ 21ಕ್ಕೆ ಶುರುವಾಗುವ ನಲವತ್ತು ದಿನಗಳ ಚಿಲ್ಲೈ ಕಲಾನ್ ಕಾಶ್ಮೀರಿಗಳ ಲೆಕ್ಕದಲ್ಲಿ ಚಳಿಯ ಕಡು ಭಾಗ. ಆ ಸಲ ಅದರ ನಟ್ಟನಡುವೆ ಗುಲ್ಮಾರ್ಗ್‌ನ ಬಯಲು ಕಂದು ಹುಲ್ಲಾಗಿತ್ತು. ಒಮರ್ ಅಬ್ದುಲ್ಲಾ ಹಿಂದಿನ ವರ್ಷಗಳ ಬಿಳಿ ಚಿತ್ರಗಳ ಪಕ್ಕ ಆ ವರ್ಷದ ಒಣ ಚಿತ್ರವನ್ನು ಹಾಕಿದ್ದು ದೇಶವೆಲ್ಲ ಓಡಾಡಿತು. ಜನವರಿಯ ಕೊನೆಗೆ ಕ್ಷೋಭೆಗಳು ಬಂದವು. ಫೆಬ್ರುವರಿಯಲ್ಲಿ ಎಷ್ಟು ಹಿಮ ಸುರಿಯಿತೆಂದರೆ ಆ ವರ್ಷದ ಖೇಲೋ ಇಂಡಿಯಾ ಕೂಟ ಸಾಂಗವಾಗಿ ನಡೆಯಿತು. ಜನವರಿಯಲ್ಲಿ ಹೋದವರು ಬೈದುಕೊಂಡು ಬಂದರು, ಫೆಬ್ರುವರಿಯ ಕೊನೆಗೆ ಹೋದವರು ಹೊಗಳುತ್ತ ಬಂದರು. ಊರೂ ಒಂದೇ, ವರ್ಷವೂ ಒಂದೇ.

ಮೇಲೆ ಹಿಮ, ಕೆಳಗೆ ಹುಲ್ಲು

ಸುದ್ದಿಯ ಗೊಂದಲದ ಮೂಲ ಇರುವುದು ಎತ್ತರದಲ್ಲಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಗುಲ್ಮಾರ್ಗ್‌ನ ಹೋಟೆಲ್‌ಗಳಿರುವ ಹುಲ್ಲುಗಾವಲು ಅದಕ್ಕಿಂತ ಏಳುನೂರು ಮೀಟರ್ ಮೇಲೆ, ಅಂದರೆ 2,650 ಮೀಟರ್ ಸುಮಾರಿನಲ್ಲಿದೆ. ಅಲ್ಲಿಂದ ಗೊಂಡೋಲಾದ, ಅಂದರೆ ಕೇಬಲ್ ಕಾರಿನ, ಮೊದಲ ಹಂತ ಕೊಂಗ್ಡೂರಿಗೆ, ಸುಮಾರು 3,100 ಮೀಟರ್‌ಗೆ ಒಯ್ಯುತ್ತದೆ. ಎರಡನೇ ಹಂತ ಅಫರ್ವತ್‌ನ ಭುಜಕ್ಕೆ, 3,900 ಮೀಟರ್‌ಗೂ ಮೇಲೆ. ಒಂದೇ ಸ್ಕೀ ಊರಿನಲ್ಲಿ ಕೆಳಗಿನಿಂದ ಮೇಲಕ್ಕೆ 1,300 ಮೀಟರ್ ಅಂತರ.

ಮೇಲೆ ಹೋದಂತೆ ಪ್ರತಿ ಸಾವಿರ ಮೀಟರ್‌ಗೆ ಸರಾಸರಿ ಆರೂವರೆ ಡಿಗ್ರಿ ತಾಪಮಾನ ಇಳಿಯುತ್ತದೆ. ಹಾಗಾಗಿ ನವೆಂಬರ್‌ನ ಒಂದು ದಿನ ಹುಲ್ಲುಗಾವಲಿನಲ್ಲಿ 5 ಡಿಗ್ರಿಯ ಜಿಟಿಜಿಟಿ ಮಳೆ ಇದ್ದರೆ, ಅದೇ ಹೊತ್ತಿಗೆ ತುದಿಯಲ್ಲಿ ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ, ಒಣ ಹಿಮ. ಕ್ಯಾಮೆರಾ ಇರುವುದು ತುದಿಯಲ್ಲಿ. ‘ಗುಲ್ಮಾರ್ಗ್‌ನಲ್ಲಿ ಹಿಮ’ ಎಂಬ ಶೀರ್ಷಿಕೆ ಸುಳ್ಳಲ್ಲ, ಆದರೆ ಅದು ಹೇಳುತ್ತಿರುವುದು ತುದಿಯ ಕಥೆ.

ಮೊದಲ ಸಲ ಸ್ಕೀ ಕಟ್ಟಿಕೊಳ್ಳುವವರಿಗೆ ಆ ತುದಿಯಿಂದ ಉಪಯೋಗ ಇಲ್ಲ ಎಂಬುದು ಪ್ಯಾಕೇಜ್ ಮಾರುವವರು ಬಿಡಿಸಿ ಹೇಳದ ಸಂಗತಿ. ಹೊಸಬರು ಕಲಿಯುವ ಮೆಲ್ಲನೆಯ ಇಳಿಜಾರುಗಳು ಇರುವುದು ಕೆಳಗಿನ ಹುಲ್ಲುಗಾವಲಿನಲ್ಲಿ. ಅಫರ್ವತ್‌ನಿಂದ ಇಳಿಯುವುದು ವರ್ಷಗಟ್ಟಲೆ ಅಭ್ಯಾಸ ಇರುವವರ ಕೆಲಸ. ಹಿಮ ಬೀಳುವುದು ಮೇಲಿನಿಂದ ಕೆಳಕ್ಕೆ. ಕರಗುವುದು ಕೆಳಗಿನಿಂದ ಮೇಲಕ್ಕೆ. ಋತುವಿನ ಆರಂಭದಲ್ಲಿ ಎಲ್ಲಕ್ಕಿಂತ ಕೊನೆಗೆ ತಯಾರಾಗುವುದೂ ಮೊದಲು ಹಾಳಾಗುವುದೂ ಹೊಸಬರ ಇಳಿಜಾರೇ. ಹುಬ್ಬಳ್ಳಿ, ಗದಗ, ಹಾವೇರಿಯಿಂದ ಹೊರಡುವವರಲ್ಲಿ ಬಹುಪಾಲು ಮಂದಿ ಹೊಸಬರೇ ಎಂದಮೇಲೆ ಈ ಒಂದು ಮಾತು ಉಳಿದೆಲ್ಲ ಲೆಕ್ಕಕ್ಕಿಂತ ಮುಖ್ಯ.

ನೆಲದ ಗುಣವನ್ನೂ ನೋಡಬೇಕು. ಹುಲ್ಲಿನ ಮೇಲೆ ಒಂದೂವರೆ ಅಡಿ ಹಿಮ ಬಿದ್ದು, ಅದನ್ನು ಯಂತ್ರ ಅದುಮಿ ಸಮ ಮಾಡಿದರೆ ಕಲಿಯಲು ಸಾಕು. ಬಂಡೆಗಲ್ಲಿನ ಮೇಲ್ಮೈಗೆ ಅದು ಸಾಲದು; ಕಲ್ಲು ಮುಚ್ಚಬೇಕಾದರೆ ಮೂರು ನಾಲ್ಕು ಅಡಿಯಾದರೂ ಬೇಕು. ಅಫರ್ವತ್‌ನ ಮೇಲ್ಭಾಗ ಕಲ್ಲುಗಳದು, ಕೆಳಗಿನದು ಹುಲ್ಲಿನದು. ಆದ್ದರಿಂದ ಮೊದಲ ವಾರಗಳಲ್ಲಿ ವಿಚಿತ್ರ ಸ್ಥಿತಿ ಹುಟ್ಟುತ್ತದೆ: ಮೇಲೆ ಹಿಮ ಇದೆ, ಆದರೆ ಕಲ್ಲು ಮುಚ್ಚುವಷ್ಟಿಲ್ಲ, ಕೆಳಗೆ ಸ್ವಲ್ಪವೇ ಸಾಕು, ಆದರೆ ಅದೂ ಬಿದ್ದಿಲ್ಲ. ಗೊಂಡೋಲಾ ಮಾತ್ರ ಓಡುತ್ತಿರುತ್ತದೆ, ಏಕೆಂದರೆ ಅದಕ್ಕೆ ಹಿಮದ ಹಂಗಿಲ್ಲ. ಟಿಕೆಟ್ ಕೊಂಡು ಮೇಲೆ ಹೋಗಿ ಫೋಟೊ ತೆಗೆಸಿಕೊಂಡು ಬರುವವರಿಗೆ ಅಷ್ಟು ಸಾಕು. ಹೆಚ್ಚಿನ ಪ್ಯಾಕೇಜುಗಳು ಸ್ಕೀಯಿಂಗ್ ಎಂದು ಹೇಳಿ ಕೊಡುವುದು ಈ ಅನುಭವವನ್ನೇ.

ಯಾರು ಏನನ್ನುತ್ತಾರೆ

ಬುಕಿಂಗ್ ಬೇಗ ಮಾಡಿ ಎನ್ನುವವರದು ವ್ಯಾಪಾರದ ಮಾತು ಎಂದು ತಳ್ಳಿಹಾಕುವಂತಿಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಗುಲ್ಮಾರ್ಗ್‌ನಲ್ಲಿ ಕೋಣೆ ಸಿಗುವುದೇ ಕಷ್ಟ. ಅಲ್ಲಿ ಹೋಟೆಲ್‌ಗಳ ಸಂಖ್ಯೆ ಕಡಿಮೆ, ಹೊಸ ಕಟ್ಟಡಕ್ಕೆ ಜಾಗವೂ ಕಡಿಮೆ. ಗೊಂಡೋಲಾ ಟಿಕೆಟ್ ಆನ್‌ಲೈನಿನಲ್ಲೇ ತೆಗೆದುಕೊಳ್ಳಬೇಕು, ಜನದಟ್ಟಣೆಯ ದಿನಗಳಲ್ಲಿ ಅದು ಬೇಗ ಮುಗಿದುಹೋಗುತ್ತದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಕನ್ನಡಿಗರೂ ಸೇರಿ 26 ಮಂದಿ ಉಗ್ರರ ಗುಂಡಿಗೆ ಬಲಿಯಾದ ಮೇಲೆ ಕಣಿವೆಯ ಪ್ರವಾಸೋದ್ಯಮ ನೆಲ ಕಚ್ಚಿತ್ತು. ಮುಚ್ಚಿದ್ದ ತಾಣಗಳು ಹಂತಹಂತವಾಗಿ ತೆರೆದವು. ಕಳೆದದ್ದನ್ನು ಚಳಿಗಾಲದಲ್ಲಿ ತುಂಬಿಕೊಳ್ಳಬೇಕು ಎಂಬ ಆತುರ ಅಲ್ಲಿನವರಿಗೆ ಇರುವುದು ಅರ್ಥವಾಗುವಂಥದ್ದೇ.

ಸ್ಕೀ ಬಲ್ಲವರು ಇದಕ್ಕೆ ಒಪ್ಪುವುದಿಲ್ಲ. ಜನವರಿ ನಡುವಿನವರೆಗೆ ಕಾಯಿರಿ, ಸಾಧ್ಯವಾದರೆ ಫೆಬ್ರುವರಿಗೆ ಹೋಗಿ ಎಂಬುದು ಅವರ ಹಟ. ಅವರ ಪರವಾದ ಒಂದು ಸಾಕ್ಷಿ ಎಲ್ಲರ ಕಣ್ಣೆದುರಿಗೇ ಇದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿ ಗುಲ್ಮಾರ್ಗ್‌ನಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ: ಇವರ ಸ್ಕೀ ಕೋರ್ಸುಗಳು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ನಡುವೆ ಇರುತ್ತವೆ. ಸ್ಕೀ ಕಲಿಸುವುದನ್ನೇ ಕೆಲಸ ಮಾಡಿಕೊಂಡ ಸಂಸ್ಥೆಗಳೇ ಡಿಸೆಂಬರ್‌ಗೆ ಕೈ ಹಾಕುವುದಿಲ್ಲ ಎಂದಾದರೆ, ನಾಲ್ಕು ರಾತ್ರಿಯ ಪ್ಯಾಕೇಜಿನಲ್ಲಿ ಡಿಸೆಂಬರ್ 24ಕ್ಕೆ ‘ಸ್ಕೀಯಿಂಗ್ ಖಚಿತ’ ಎಂದು ಬರೆದುಕೊಡುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಹವಾಮಾನ ತಜ್ಞರು ಸಮಸ್ಯೆಯನ್ನು ಇನ್ನೂ ಉದ್ದದ ಅವಧಿಯಲ್ಲಿ ನೋಡುತ್ತಾರೆ. ಒಂದು ಡಿಗ್ರಿ ಬಿಸಿ ಏರಿದರೆ ಮಳೆ ಹಿಮವಾಗುವ ಗೆರೆ ಸುಮಾರು 150 ಮೀಟರ್ ಮೇಲಕ್ಕೆ ಸರಿಯುತ್ತದೆ. ಅದರ ಮೊದಲ ಏಟು ಬೀಳುವುದು ಋತುವಿನ ಎರಡು ಅಂಚುಗಳ ಮೇಲೆ, ಅಂದರೆ ಡಿಸೆಂಬರ್ ಮತ್ತು ಮಾರ್ಚ್ ಕೊನೆಯ ಮೇಲೆ. ನಡುಚಳಿಗಾಲದಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದದ್ದು ಒಂಬತ್ತಾದರೂ ಹಿಮ ಹಿಮವೇ. ಡಿಸೆಂಬರ್ ಆರಂಭದಲ್ಲಿ ಸೊನ್ನೆಯ ಆಸುಪಾಸಿನಲ್ಲಿ ಇರುವುದು ಒಂದು ಡಿಗ್ರಿ ಏರಿದರೆ ಬೀಳುವುದು ಮಳೆ. ಹೀಗಾಗಿ ಋತುವಿನ ಆರಂಭವೇ ಅತಿ ಹೆಚ್ಚು ಜೂಜಿನ ಭಾಗವಾಗಿದೆ. ಅದೇ ನಮ್ಮ ರಜೆಯ ಭಾಗವೂ ಹೌದು.

ಯಂತ್ರ ಹಿಮ ಸುರಿಸಬಾರದೇ?

ಯುರೋಪಿನ ದೊಡ್ಡ ಸ್ಕೀ ಊರುಗಳು ಡಿಸೆಂಬರ್‌ನ ಜೂಜನ್ನು ಯಂತ್ರದಿಂದ ತಗ್ಗಿಸಿಕೊಂಡಿವೆ. ಒತ್ತಡದಲ್ಲಿ ನೀರನ್ನು ಸಣ್ಣ ಹನಿಗಳಾಗಿ ಚಿಮ್ಮಿಸಿ, ಅವು ನೆಲಕ್ಕೆ ಬೀಳುವ ಮುನ್ನ ಹೆಪ್ಪುಗಟ್ಟುವಂತೆ ಮಾಡುವುದು ಇದರ ಕ್ರಮ. ಇಲ್ಲಿ ಥರ್ಮಾಮೀಟರ್ ತೋರಿಸುವ ತಾಪಮಾನ ಒಂದೇ ಸಾಲದು, ಗಾಳಿಯ ತೇವವೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆಯಲ್ಲಿ ನಮ್ಮ ಮನೆಗಳ ಮಣ್ಣಿನ ಹರವಿಯ ನೀರು ತಣ್ಣಗಾಗುವುದು ಹೊರಮೈಯಿಂದ ತೇವ ಆರುವುದರಿಂದ. ಗಾಳಿ ಒಣಗಿದ್ದಷ್ಟೂ ನೀರು ಹೆಚ್ಚು ತಂಪು. ಯಂತ್ರದ ಹನಿಯೂ ಗಾಳಿಯಲ್ಲಿ ಹೀಗೇ ಆರುತ್ತ ತಣಿಯುತ್ತದೆ. ಗಾಳಿ ಒಣಗಿದ್ದರೆ ಸೊನ್ನೆಯ ಆಸುಪಾಸಿನಲ್ಲೂ ಹಿಮ ಮಾಡಬಹುದು, ತೇವ ಇದ್ದರೆ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಾದರೂ ಬೇಕು.

ನೀರಿನ ಲೆಕ್ಕ ದೊಡ್ಡದು. ಒಂದು ಹೆಕ್ಟೇರ್ ಇಳಿಜಾರಿಗೆ ಒಂದಡಿ ಹಿಮ ಹಾಸಲು ಸುಮಾರು ಹತ್ತು ಲಕ್ಷ ಲೀಟರ್ ನೀರು ಬೇಕು. ಅಷ್ಟು ನೀರನ್ನು ಬೆಟ್ಟದ ಮೇಲೆ ಹಿಡಿದಿಡಲು ಕೆರೆ, ಕೊಳವೆ, ಪಂಪು, ವಿದ್ಯುತ್ ಎಲ್ಲವೂ ಆಗಬೇಕು. ನಮ್ಮ ದೇಶದಲ್ಲಿ ಇದನ್ನು ಮಾಡಿ ನೋಡಿದ್ದು ಔಲಿಯಲ್ಲಿ. 2011ರ ಜನವರಿಯಲ್ಲಿ ಉತ್ತರಾಖಂಡದಲ್ಲಿ ನಡೆದ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಅಲ್ಲಿ ಹಿಮದ ಯಂತ್ರಗಳನ್ನೂ ಕೃತಕ ಸರೋವರವನ್ನೂ ಮಾಡಲಾಯಿತು. ಅದಾದ ಮೇಲೂ ಹಿಮ ಸಾಲದೆ ಅಲ್ಲಿನ ಸ್ಪರ್ಧೆಗಳು ರದ್ದಾಗುವುದು ನಿಲ್ಲಲಿಲ್ಲ. ಯಂತ್ರ ತಂದಿಟ್ಟರೆ ಆಗಲಿಲ್ಲ, ಪ್ರತಿ ನವೆಂಬರ್‌ನಲ್ಲೂ ಹಗಲು ರಾತ್ರಿ ಅದನ್ನು ಓಡಿಸುವ ಸಿಬ್ಬಂದಿ ಮತ್ತು ವ್ಯವಸ್ಥೆ ಬೇಕು. ಪರಿಸರದವರ ತಕರಾರು ಇದಕ್ಕಿಂತ ಗಂಭೀರವಾದದ್ದು. ಔಲಿಯ ಕೆಳಗಿರುವ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕುಬಿಟ್ಟವು, ಜನ ಮನೆ ಬಿಟ್ಟು ಹೋಗಬೇಕಾಯಿತು. ಅಂಥ ನೆಲದ ಮೇಲ್ಗಡೆ ಇನ್ನಷ್ಟು ನೀರು, ಇನ್ನಷ್ಟು ಕಾಂಕ್ರೀಟು ಏರಿಸುವುದು ಎಷ್ಟು ಸರಿ ಎಂಬ ಅವರ ಪ್ರಶ್ನೆಗೆ ಕ್ರೀಡಾ ಇಲಾಖೆಗಳ ಬಳಿ ಉತ್ತರ ಇದ್ದಂತಿಲ್ಲ.

ದೇಶದೊಳಗಿನ ಉಳಿದ ಆಯ್ಕೆಗಳು

ಔಲಿಯ ಇಳಿಜಾರು 2,500ರಿಂದ 3,000 ಮೀಟರ್ ನಡುವಿನದು. ಕಲಿಯಲು ಗುಲ್ಮಾರ್ಗ್‌ಗಿಂತ ಹದವಾದದ್ದು ಎನ್ನುವವರೂ ಇದ್ದಾರೆ. ಆದರೆ ಜೋಶಿಮಠದಿಂದ ಮೇಲೇರುತ್ತಿದ್ದ ಹಗ್ಗದ ದಾರಿ ನೆಲ ಕುಸಿದ ಕಾಲಕ್ಕೆ ನಿಂತಿತು. ಹೃಷಿಕೇಶದಿಂದ ಜೋಶಿಮಠಕ್ಕೇ ಒಂದು ಇಡೀ ಹಗಲಿನ ಘಾಟಿ ಪ್ರಯಾಣ. ಡಿಸೆಂಬರ್‌ನಲ್ಲಿ ಔಲಿಗೆ ಗುಲ್ಮಾರ್ಗ್‌ಗಿಂತ ಹೆಚ್ಚಿನ ಖಾತ್ರಿ ಏನೂ ಇಲ್ಲ. ಹುಬ್ಬಳ್ಳಿಯಿಂದ ಹೋಗಿ ಬರುವುದರಲ್ಲೇ ರಜೆಯ ಅರ್ಧ ಮುಗಿಯುತ್ತದೆ.

ಮನಾಲಿಯ ಸೋಲಂಗ್ 2,500 ಮೀಟರ್ ಸುಮಾರಿನದು. ಡಿಸೆಂಬರ್ ಆರಂಭದಲ್ಲಿ ಅಲ್ಲಿ ಹಿಮಕ್ಕಿಂತ ಕೆಸರು ಸಿಗುವ ಸಂಭವ ಹೆಚ್ಚು. 2020ರ ಅಕ್ಟೋಬರ್ 3ರಂದು ತೆರೆದ ಅಟಲ್ ಸುರಂಗ ಇಲ್ಲಿನ ಲೆಕ್ಕವನ್ನು ಸ್ವಲ್ಪ ಬದಲಿಸಿದೆ. ಒಂಬತ್ತು ಕಿಲೋಮೀಟರ್ ಸುರಂಗ ದಾಟಿದರೆ 3,000 ಮೀಟರ್ ಮೇಲಿನ ಲಾಹೌಲ್ ಕಣಿವೆ. ಸಿಸ್ಸು, ಕೋಕ್ಸರ್ ಕಡೆ ಹಿಮ ಬೇಗ ಸಿಗುತ್ತದೆ. ಹಿಮ ಮುಟ್ಟಿ ನೋಡಬೇಕು, ಮಕ್ಕಳು ಜಾರಿ ಆಡಬೇಕು ಎಂಬುದಷ್ಟೇ ಆಸೆಯಾಗಿದ್ದರೆ ಇದು ಅಗ್ಗದ, ಒಳ್ಳೆಯ ದಾರಿ. ಅದನ್ನು ಸ್ಕೀ ರೆಸಾರ್ಟ್ ಎಂದು ಮಾತ್ರ ಕರೆಯಬಾರದು. ಅಲ್ಲಿ ಅದುಮಿದ ಇಳಿಜಾರೂ ಇಲ್ಲ, ಮೇಲಕ್ಕೆ ಒಯ್ಯುವ ಲಿಫ್ಟೂ ಇಲ್ಲ.

ಕಾಶ್ಮೀರದ ಸೋನಮಾರ್ಗ್ ಹೊಸ ಹೆಸರು. 2025ರ ಜನವರಿಯಲ್ಲಿ ಜ಼ೆಡ್-ಮೋಡ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಅಲ್ಲಿಗೆ ರಸ್ತೆ ಸಿಕ್ಕಿದೆ. ಸ್ಕೀ ತಾಣವಾಗಿ ಅದು ಬೆಳೆಯಲು ವರ್ಷಗಳೇ ಬೇಕು.

ಗಡಿ ದಾಟಿದರೆ

ಕ್ರಿಸ್‌ಮಸ್ ಬಿಟ್ಟರೆ ಬೇರೆ ರಜೆಯೇ ಇಲ್ಲ, ಸ್ಕೀ ಕಲಿಯಲೇಬೇಕು ಎನ್ನುವವರಿಗೆ ಕಜಾಕಸ್ತಾನದ ಶಿಂಬುಲಾಕ್ ಗಂಭೀರವಾಗಿ ನೋಡಬೇಕಾದ ಊರು. ಅಲ್ಮಾಟಿ ನಗರದ ಬೆನ್ನಿಗೇ ಇದೆ. ಬುಡ 2,260 ಮೀಟರ್, ತುದಿ 3,200ರ ಹತ್ತಿರ. ಎತ್ತರದಲ್ಲಿ ಗುಲ್ಮಾರ್ಗ್‌ಗಿಂತ ಕಡಿಮೆಯಾದರೂ ಉತ್ತರಕ್ಕೆ ಒಂಬತ್ತು ಅಕ್ಷಾಂಶ ಹೆಚ್ಚು, ಸೈಬೀರಿಯದ ಚಳಿಗೆ ಮೈಯೊಡ್ಡಿದ ಜಾಗ, ಜೊತೆಗೆ ಹಿಮದ ಯಂತ್ರಗಳು. ಸಾಮಾನ್ಯವಾಗಿ ಡಿಸೆಂಬರ್ ಆರಂಭದ ಹೊತ್ತಿಗೆ ಇಳಿಜಾರುಗಳು ತೆರೆಯುತ್ತವೆ. ಭಾರತೀಯರಿಗೆ ಹದಿನಾಲ್ಕು ದಿನದವರೆಗೆ ವೀಸಾ ಬೇಡ. ದೆಹಲಿಯಿಂದ ನೇರ ವಿಮಾನ ಇದೆ. ರೊಟ್ಟಿ-ಪಲ್ಯದ ಆಸೆ ಇಟ್ಟುಕೊಳ್ಳಬಾರದು. ಅದು ಕುದುರೆ ಮಾಂಸ ತಿನ್ನುವ ನಾಡು, ಸಸ್ಯಾಹಾರಿಗಳು ನಗರದ ಭಾರತೀಯ ಹೋಟೆಲುಗಳನ್ನು ಮೊದಲೇ ನೋಡಿಕೊಂಡಿರಬೇಕು. ಜಾರ್ಜಿಯಾದ ಗುಡೌರಿಯೂ ಇದೇ ಎತ್ತರದ್ದು, ಟಿಬಿಲಿಸಿಯಿಂದ 120 ಕಿಲೋಮೀಟರ್. ಆದರೆ ಅದು ಸರಿಯಾಗಿ ತೆರೆಯುವುದು ಡಿಸೆಂಬರ್ ಕೊನೆಯ ಹೊತ್ತಿಗೆ. ಅದನ್ನೂ ಋತುವಿನ ಆರಂಭದ ಪಟ್ಟಿಗೆ ಸೇರಿಸುವುದು ಪೂರ್ತಿ ಸರಿಯಲ್ಲ.

ಯುರೋಪು ಎಂದ ಕೂಡಲೇ ಹಿಮ ಖಾತ್ರಿ ಎಂದುಕೊಳ್ಳುವವರೂ ಮೋಸಹೋಗುತ್ತಾರೆ. 2023ರ ಹೊಸ ವರ್ಷದ ದಿನಗಳಲ್ಲಿ ಯುರೋಪಿನ ಹಲವೆಡೆ ಜನವರಿಯ ದಾಖಲೆಯ ಬಿಸಿ ಇತ್ತು. ಸ್ವಿಟ್ಜರ್ಲೆಂಡಿನ ಅಡೆಲ್‌ಬೋಡನ್‌ನಲ್ಲಿ ವಿಶ್ವಕಪ್ ಸ್ಕೀ ಸ್ಪರ್ಧೆ ನಡೆದದ್ದು ಹಸಿರು ಗುಡ್ಡದ ಮೇಲೆ ಹಾಸಿದ ಯಂತ್ರದ ಹಿಮದ ಪಟ್ಟಿಯ ಮೇಲೆ. ತಗ್ಗಿನ ಎಷ್ಟೋ ಊರುಗಳು ಲಿಫ್ಟ್ ನಿಲ್ಲಿಸಿದವು. ಅಲ್ಲಿಯೂ ನಿಯಮ ಎತ್ತರದ್ದೇ. ಫ್ರಾನ್ಸಿನ ವಾಲ್ ಥೊರೆನ್ಸ್‌ನಲ್ಲಿ ಹೋಟೆಲುಗಳೇ 2,300 ಮೀಟರ್ ಮೇಲೆ ಇರುವುದರಿಂದ ನವೆಂಬರ್ ಕೊನೆಗೆ ಋತು ಶುರುವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೊಸಬರ ಇಳಿಜಾರೂ ಅದೇ ಎತ್ತರದಲ್ಲಿದೆ. ಆಸ್ಟ್ರಿಯದ ಹಿಂಟರ್‌ಟುಕ್ಸ್, ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗಳಲ್ಲಿ ಹಿಮನದಿಯ ಮೇಲೆ ವರ್ಷವಿಡೀ ಸ್ಕೀ ನಡೆಯುತ್ತದೆ. ಆದರೆ ಜೆರ್ಮಾಟ್‌ನ ಹಿಮನದಿಗೆ ಒಯ್ಯುವ ಲಿಫ್ಟಿನ ತುದಿ 3,883 ಮೀಟರ್ ಎತ್ತರದಲ್ಲಿದೆ. ನೆಟ್ಟಗೆ ನಿಲ್ಲಲು ಬಾರದವರನ್ನು ಅಲ್ಲಿಗೆ ಒಯ್ದರೆ ಚಳಿ ಬಿಟ್ಟು ಬೇರೇನೂ ನೆನಪುಳಿಯದು. ಎತ್ತರವೂ ಕೈಕೊಟ್ಟ ಉದಾಹರಣೆ ಅಲ್ಲೇ ಇದೆ. ಜೆರ್ಮಾಟ್ ಮತ್ತು ಇಟಲಿಯ ಚೆರ್ವೀನಿಯ ನಡುವೆ ಋತುವಿನ ಆರಂಭಕ್ಕೆ ಇಟ್ಟ ವಿಶ್ವಕಪ್ ಸ್ಪರ್ಧೆ 2022ರಲ್ಲಿ ಹಿಮ ಸಾಲದೆ ರದ್ದಾಯಿತು, 2023ರಲ್ಲಿ ಹಿಮವೂ ಗಾಳಿಯೂ ಅತಿಯಾಗಿ ರದ್ದಾಯಿತು.

ಫಿನ್ಲೆಂಡಿನ ಲೆವಿ, ರೂಕಾಗಳದು ಬೇರೆ ಉಪಾಯ. ಹಿಂದಿನ ಚಳಿಗಾಲದ ಹಿಮವನ್ನೇ ಬೇಸಿಗೆಯಿಡೀ ಹೊದಿಕೆಯಡಿ ಕಾಪಿಟ್ಟು ಶರತ್ಕಾಲದಲ್ಲಿ ಹರವುತ್ತಾರೆ. ಹಿಮ ಖಾತ್ರಿ, ಬೆಳಕು ಮಾತ್ರ ಇಲ್ಲ. ಡಿಸೆಂಬರ್‌ನಲ್ಲಿ ಲೆವಿಯಲ್ಲಿ ಸೂರ್ಯ ವಾರಗಟ್ಟಲೆ ಮೇಲೇಳುವುದಿಲ್ಲ, ದೀಪದ ಬೆಳಕಿನಲ್ಲಿ ಜಾರಬೇಕು. ಈ ಯುರೋಪ್ ದೇಶಗಳಿಗೆ ಬೇಕಾದ ಷೆಂಗೆನ್ ವೀಸಾದ ಶುಲ್ಕವೇ ದೊಡ್ಡವರಿಗೆ ತಲೆಗೆ 90 ಯೂರೊ. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡುವುದು ಬೇರೆ. ನಾಲ್ವರ ಸಂಸಾರಕ್ಕೆ ಇದು ಗುಲ್ಮಾರ್ಗ್‌ನ ಖರ್ಚಿನ ಹಲವು ಪಟ್ಟು.

ಒಂದು ಅಗ್ಗದ ಅಡ್ಡದಾರಿ ಇದೆ, ಕೇಳಿದರೆ ನಗು ಬರಬಹುದು. 2005ರಲ್ಲಿ ತೆರೆದ ದುಬೈನ ಒಳಾಂಗಣ ಸ್ಕೀ ಇಳಿಜಾರಿನ ಅತಿ ಉದ್ದದ ಓಟ 400 ಮೀಟರ್. ಮೊದಲ ಎರಡು ದಿನದ ಕಲಿಕೆಗೆ ಅದಕ್ಕಿಂತ ಹೆಚ್ಚು ಯಾರಿಗೂ ಬೇಕಾಗುವುದಿಲ್ಲ. ಬೆಟ್ಟದ ಗಾಳಿ, ನೋಟ ಏನೂ ಇಲ್ಲ, ಆದರೆ ಹಿಮ ಬಂದೀತೇ ಎಂಬ ಆತಂಕವೂ ಇಲ್ಲ.

ನಮ್ಮ ರಜೆ, ಅವರ ಹಿಮ

ಸಮಸ್ಯೆಯ ಬುಡ ಇಲ್ಲಿದೆ. ನಮ್ಮ ಶಾಲೆಗಳ ದೊಡ್ಡ ಬಿಡುವು ದಸರೆಗೆ, ಆಮೇಲೆ ಬೇಸಿಗೆಗೆ. ದಸರೆ ಹಿಮಕ್ಕೆ ತೀರಾ ಬೇಗ, ಏಪ್ರಿಲ್ ತೀರಾ ತಡ. ನಡುವೆ ಸಿಗುವುದು ಕ್ರಿಸ್‌ಮಸ್ ವಾರ. ಕಂಪನಿ ಕೆಲಸದವರಿಗೂ ಅದೇ ವಾರ ರಜೆ. ಹಿಮ ಚೆನ್ನಾಗಿರುವ ಜನವರಿ ಕೊನೆ, ಫೆಬ್ರುವರಿ ಪರೀಕ್ಷೆಯ ತಯಾರಿ ಕಾಲ. ಬೇಡಿಕೆ ಇರುವಲ್ಲಿ ಹಿಮ ಇಲ್ಲ, ಹಿಮ ಇರುವಲ್ಲಿ ಬೇಡಿಕೆ ಇಲ್ಲ. ಪ್ಯಾಕೇಜ್ ಮಾರುವವರು ಬೇಡಿಕೆಯ ಬೆನ್ನು ಹತ್ತುತ್ತಾರೆ, ಹಾಗಾಗಿ ಡಿಸೆಂಬರ್‌ನ ದರ ಏರುತ್ತದೆ, ಫೆಬ್ರುವರಿಯ ಮೊದಲ ವಾರಗಳಲ್ಲಿ ಇಳಿಯುತ್ತದೆ. ಕೆಟ್ಟ ಹಿಮಕ್ಕೆ ಹೆಚ್ಚು ದುಡ್ಡು ಕೊಡುವ ವಿಚಿತ್ರ ವ್ಯವಹಾರ ಇದು.

ಮನೆಯಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳು ಇಲ್ಲದಿದ್ದರೆ ಗಣರಾಜ್ಯೋತ್ಸವದ ಆಚೀಚೆ ಐದಾರು ದಿನ ರಜೆ ಹಾಕಿ ಗುಲ್ಮಾರ್ಗ್‌ಗೇ ಹೋಗುವುದು ಡಿಸೆಂಬರ್‌ನಲ್ಲಿ ಬೇರೆ ಊರು ಹುಡುಕುವುದಕ್ಕಿಂತ ಜಾಣತನ. ಊರು ಬದಲಿಸುವುದಕ್ಕಿಂತ ತಾರೀಕು ಬದಲಿಸುವುದು ಅಗ್ಗ. 2024ರಂತೆ ಜನವರಿಯೂ ಕೈಕೊಡುವ ವರ್ಷ ಬರುತ್ತದೆ, ಆದರೆ ಜೂಜಿನ ಪಾಲು ಕಡಿಮೆ.

ಪ್ರಯಾಣದ ಕೊಂಡಿಗಳನ್ನೂ ಎಣಿಸಬೇಕು. ಹುಬ್ಬಳ್ಳಿಯಿಂದ ಹೊರಟವರು ಬೆಂಗಳೂರು, ಮುಂಬೈ ಇಲ್ಲವೇ ದೆಹಲಿಯಲ್ಲಿ ವಿಮಾನ ಬದಲಿಸಿ ಶ್ರೀನಗರ ಸೇರಬೇಕು. ಡಿಸೆಂಬರ್‌ನಲ್ಲಿ ದೆಹಲಿಯ ಮಂಜು, ಶ್ರೀನಗರದ ಹಿಮ ಎರಡೂ ವಿಮಾನ ನಿಲ್ಲಿಸಬಲ್ಲವು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ವಿಮಾನಗಳು ದೇಶದಾದ್ಯಂತ ರದ್ದಾದಾಗ ಹುಬ್ಬಳ್ಳಿಯ ಒಂದು ಆರತಕ್ಷತೆಗೆ ವಧೂವರರೇ ಬರಲಾಗದೆ ವಿಡಿಯೊದಲ್ಲಿ ಕಾಣಿಸಿಕೊಂಡದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. 2025ರ ಜೂನ್‌ನಿಂದ ಕಟ್ರಾ-ಶ್ರೀನಗರ ನಡುವೆ ವಂದೇ ಭಾರತ್ ರೈಲು ಓಡುತ್ತಿದೆ. ವಿಮಾನ ನಿಂತರೆ ಈಗ ಕನಿಷ್ಠ ಒಂದು ಬದಲಿ ದಾರಿ ಇದೆ. ಹೇಗಿದ್ದರೂ ಎರಡೂ ತುದಿಗೆ ಒಂದೊಂದು ದಿನ ಖಾಲಿ ಇಡದ ಪ್ಯಾಕೇಜ್ ಕಾಗದದ ಮೇಲಷ್ಟೇ ಚಂದ.

ಬೇಗ ಬಿದ್ದ ಹಿಮದ ಅಪಾಯ

ನವೆಂಬರ್‌ನಲ್ಲಿ ಮೇಲೆ ಬಿದ್ದ ತೆಳು ಹಿಮ, ನಂತರದ ಒಣ ಚಳಿಯ ವಾರಗಳಲ್ಲಿ ಒಳಗಿಂದೊಳಗೇ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗುತ್ತದೆ. ಆಮೇಲೆ ಒಂದೇ ಸಲ ಭಾರೀ ಹಿಮ ಸುರಿದರೆ ಅದು ಈ ಸಡಿಲ ಪದರದ ಮೇಲೆ ಕೂತು, ಒಬ್ಬನ ಭಾರಕ್ಕೇ ಜಾರಿಬಿಡಬಹುದು. ಬೇಗ ಬಿದ್ದು, ಒಣಗಿ, ತಡವಾಗಿ ಸುರಿಯುವ ಋತು ಹಿಮಕುಸಿತಕ್ಕೆ ಹೇಳಿ ಮಾಡಿಸಿದ್ದು. 2023ರ ಫೆಬ್ರುವರಿ 1ರಂದು ಗುಲ್ಮಾರ್ಗ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು ಹಿಮಕುಸಿತದಲ್ಲಿ ಸತ್ತರು. ಹೊಸಬರು ಹುಲ್ಲುಗಾವಲಿನಲ್ಲೇ ಇರುವುದರಿಂದ ಅವರಿಗೆ ಈ ಅಪಾಯ ಕಡಿಮೆ. ಆದರೆ ಗೊಂಡೋಲಾದ ಎರಡನೇ ಹಂತದಲ್ಲಿ ಇಳಿದು, ಸೆಲ್ಫಿಗೆಂದು ಹಗ್ಗ ದಾಟಿ ನಡೆಯುವ ಚಾಳಿ ನಮ್ಮವರಿಗೆ ಇದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರವತ್ತರಷ್ಟು ಪ್ರತಿಶತ. 650 ಮೀಟರ್‌ನ ಊರಿನಿಂದ ಒಂದೆರಡು ದಿನದಲ್ಲಿ ಅಲ್ಲಿಗೆ ಏರಿದವರಿಗೆ ತಲೆನೋವು, ವಾಕರಿಕೆ ಬಂದರೆ ಅದು ಚಳಿಯಿಂದ ಅಲ್ಲ, ಕೂಡಲೇ ಕೆಳಗಿಳಿಯಬೇಕು.

ಕಣಿವೆಗೆ ಆಗುವುದೇನು

ಡಿಸೆಂಬರ್ ಒಣಗಿದರೆ ಪ್ರವಾಸಿ ಒಂದು ರಜೆ ಕಳೆದುಕೊಳ್ಳುತ್ತಾನೆ. ಸ್ಲೆಡ್ಜ್ ಎಳೆಯುವವನು, ಬೂಟು-ಕೋಟು ಬಾಡಿಗೆ ಕೊಡುವವನು, ಬೆಟ್ಟದ ಬುಡದ ಟಂಗ್‌ಮಾರ್ಗ್‌ನಿಂದ ಮೇಲಕ್ಕೆ ಸರಪಳಿ ಕಟ್ಟಿದ ಗಾಡಿ ಓಡಿಸುವವನು ಮೂರು ತಿಂಗಳ ಗಳಿಕೆಯಲ್ಲಿ ಒಂದು ತಿಂಗಳು ಕಳೆದುಕೊಳ್ಳುತ್ತಾರೆ. ಅದಕ್ಕಿಂತ ಆಳದ ಪರಿಣಾಮ ನೀರಿನ ಮೇಲೆ. ಚಳಿಗಾಲದ ಹಿಮವೇ ವಸಂತದಲ್ಲಿ ಕರಗಿ ಝೀಲಂ ನದಿಗೂ ಊಟೆಗಳಿಗೂ ಸೇಬಿನ ತೋಟಗಳಿಗೂ ನೀರಾಗುವುದು. 2025ರ ಫೆಬ್ರುವರಿಯಲ್ಲಿ ಅನಂತನಾಗ್ ಜಿಲ್ಲೆಯ ಅಚ್ಛಬಲ್‌ನ ಹೆಸರಾಂತ ಊಟೆಯೇ ಬತ್ತಿತ್ತು, ಅಂದರೆ ಗುಲ್ಮಾರ್ಗ್‌ನಲ್ಲಿ ಕ್ರೀಡಾಕೂಟ ನಿಂತ ಅದೇ ತಿಂಗಳು. ಋತುವಿನ ಆರಂಭ ಹೀಗೆ ಹಿಂದೆ ಸರಿಯುತ್ತ ಹೋದರೆ ಹೋಟೆಲುಗಳು ಡಿಸೆಂಬರ್‌ನಲ್ಲಿ ಹಿಮ ಬಿಟ್ಟು ಬೇರೇನನ್ನೋ ಮಾರಬೇಕಾಗುತ್ತದೆ. ಹಿಮದ ಯಂತ್ರ ಬೇಕೆಂಬ ಒತ್ತಡವೂ ಹೆಚ್ಚುತ್ತದೆ. ನೀರೇ ಕಡಿಮೆಯಾದ ವರ್ಷದಲ್ಲಿ ಆ ಯಂತ್ರಕ್ಕೆ ನೀರು ತರುವುದು ಎಲ್ಲಿಂದ ಎಂಬ ಜಗಳ ಅದರ ಬೆನ್ನಿಗೇ ಬರುತ್ತದೆ.

ಮುಂಗಡ ಕಟ್ಟುವ ಮುನ್ನ

ಹುಬ್ಬಳ್ಳಿಯ ಏಜೆಂಟರ ಮುಂದೆ ಕೂತಾಗ ‘ಹಿಮ ಇರುತ್ತಾ?’ ಎಂದು ಕೇಳುವುದು ದಂಡ. ಯಾರೂ ಇರುವುದಿಲ್ಲ ಎನ್ನುವುದಿಲ್ಲ. ಹೊಸಬರ ಇಳಿಜಾರು ಎಷ್ಟು ಎತ್ತರದಲ್ಲಿದೆ, ಅಲ್ಲಿ ಹಿಮದ ಯಂತ್ರ ಇದೆಯೇ, ಕಳೆದ ಮೂರು ವರ್ಷ ಅದೇ ತಾರೀಕಿಗೆ ಅದು ತೆರೆದಿತ್ತೇ ಎಂದು ಕೇಳಿ. ಮೂರನೆಯದಕ್ಕೆ ಬಾಯಿಮಾತಿನ ಉತ್ತರ ಬೇಡ. ಅದೇ ತಾರೀಕಿನ ಹಳೆಯ ಚಿತ್ರಗಳನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು. ಸ್ಕೀ ಬಾಡಿಗೆ, ತರಬೇತುದಾರನ ಶುಲ್ಕ ಪ್ಯಾಕೇಜಿನೊಳಗೆ ಇದ್ದರೆ, ಇಳಿಜಾರು ತೆರೆಯದಿದ್ದಾಗ ಅಷ್ಟು ಹಣ ವಾಪಸ್ ಎಂಬುದನ್ನು ಬರಹದಲ್ಲಿ ಪಡೆಯಬೇಕು. ‘ಬದಲಿಗೆ ಸ್ಥಳ ವೀಕ್ಷಣೆ’ ಎಂದು ಬರೆದಿದ್ದರೆ ಆ ಹಣ ಹೋಯಿತೆಂದೇ ಲೆಕ್ಕ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೀ ಗಾಯ ಸೇರಿರುವುದಿಲ್ಲ, ಸಾಹಸ ಕ್ರೀಡೆಯ ಹೆಚ್ಚುವರಿ ರಕ್ಷಣೆಯನ್ನು ಬೇರೆಯಾಗಿ ಕೊಳ್ಳಬೇಕು. ಹಿಮ ಬೀಳಲಿಲ್ಲ ಎಂಬ ನಷ್ಟವನ್ನು ಅದೂ ತುಂಬಿಕೊಡುವುದಿಲ್ಲ. ವಿದೇಶಿ ಪ್ಯಾಕೇಜಾದರೆ ಮಾರುವವರು ಮೂಲದಲ್ಲೇ ಹಿಡಿಯುವ ತೆರಿಗೆಯೂ ಬಿಲ್ಲಿಗೆ ಸೇರುತ್ತದೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದು ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಆ ಹಣ ಕೈಯಲ್ಲಿ ಇರುವುದಿಲ್ಲ.

ಕೋಣೆ ಮತ್ತು ವಿಮಾನವನ್ನು ಬೇರೆ ಬೇರೆಯಾಗಿ ಕಾದಿರಿಸಿ, ಕೋಣೆಯನ್ನು ಒಂದು ವಾರ ಮುಂಚಿನವರೆಗೂ ರದ್ದು ಮಾಡಬಹುದಾದ ದರದಲ್ಲಿ ತೆಗೆದುಕೊಂಡರೆ ತುಸು ಹೆಚ್ಚು ಬೀಳುತ್ತದೆ. ಪಶ್ಚಿಮದ ಕ್ಷೋಭೆಯ ಮುನ್ಸೂಚನೆ ನಂಬುವಂತಾಗುವುದೂ ಸರಿಸುಮಾರು ಆ ಒಂದು ವಾರದ ಮುಂಚೆಯೇ.